ಲಂಡನ್‌ನಿಂದ ಪ್ಯಾರಿಸ್‌ಗೆ 344 ಕಿಲೋಮೀಟರ್, ವಿಮಾನಕ್ಕೆ ಯಾಕೆ ಒಂದೂಕಾಲು ಗಂಟೆ?

ಲಂಡನ್‌ನಿಂದ ಪ್ಯಾರಿಸ್‌ಗೆ ನೇರ ದೂರ ಸುಮಾರು 344 ಕಿ.ಮೀ. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದಷ್ಟು ಅಂದುಕೊಳ್ಳಿ. ಇಂಥ ದಾರಿಗಳಲ್ಲಿ ಹಾರುವ ಏರ್‌ಬಸ್ ಎ320 ವಿಮಾನ ಪೂರ್ತಿ ಎತ್ತರಕ್ಕೆ ಹೋದ ಮೇಲೆ ಗಂಟೆಗೆ 840 ಕಿ.ಮೀ. ಆಸುಪಾಸಿನ ವೇಗದಲ್ಲಿ ಓಡುತ್ತದೆ. ಭಾಗಿಸಿ ನೋಡಿದರೆ 25 ನಿಮಿಷ. ಆದರೆ ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ, ಕೆಲವೊಮ್ಮೆ ಇನ್ನೂ ಐದ್ಹತ್ತು ನಿಮಿಷ ಜಾಸ್ತಿಯೇ ಇರುತ್ತದೆ. ಉಳಿದ ಐವತ್ತು ನಿಮಿಷ ಎಲ್ಲಿ ಹೋಯಿತು?

ಟಿಕೆಟ್‌ನಲ್ಲಿ ಇನ್ನೊಂದು ತಮಾಷೆಯೂ ಇದೆ. ಪ್ಯಾರಿಸ್‌ನಿಂದ ಬೆಳಿಗ್ಗೆ 10ಕ್ಕೆ ಹೊರಟರೆ ಲಂಡನ್‌ನಲ್ಲಿ 10.20ಕ್ಕೆ ಇಳಿಯುತ್ತೀರಿ. ಲಂಡನ್‌ನಿಂದ 10ಕ್ಕೆ ಹೊರಟರೆ ಪ್ಯಾರಿಸ್ ಗಡಿಯಾರ 12.20 ತೋರಿಸುತ್ತದೆ. ಇದು ಹಾರಾಟದ ವಿಷಯವೇ ಅಲ್ಲ, ಗಡಿಯಾರದ್ದು. ಫ್ರಾನ್ಸ್ ಬ್ರಿಟನ್‌ಗಿಂತ ಒಂದು ಗಂಟೆ ಮುಂದಿದೆ. ಸೂರ್ಯನನ್ನು ಕೇಳಿದರೆ ಎರಡೂ ಊರಿನ ನಡುವಿನ ವ್ಯತ್ಯಾಸ ಬರೀ ಹತ್ತು ನಿಮಿಷ. 1940ರಲ್ಲಿ ಜರ್ಮನಿ ಆಕ್ರಮಿಸಿಕೊಂಡಾಗ ಪ್ಯಾರಿಸ್ ಗಡಿಯಾರವನ್ನು ಬರ್ಲಿನ್ ಸಮಯಕ್ಕೆ ತಿರುಗಿಸಿದರು. ಯುದ್ಧ ಮುಗಿದರೂ ಅದು ವಾಪಸ್ ತಿರುಗಲಿಲ್ಲ. ಬೇಸಿಗೆಯಲ್ಲಿ ಗಡಿಯಾರ ಮುಂದೆ ಮಾಡುವುದನ್ನು ಎರಡೂ ದೇಶ ಒಂದೇ ಕ್ಷಣದಲ್ಲಿ ಮಾಡುತ್ತವೆ, ಹಾಗಾಗಿ ಈ ಒಂದು ಗಂಟೆಯ ಅಂತರ ವರ್ಷವಿಡೀ ಬದಲಾಗುವುದಿಲ್ಲ.

ಮೊದಲು ದೂರದ ವಿಷಯ ನೋಡೋಣ. ಈ 344 ಎಲ್ಲಿಂದ ಬಂತು? ಕಾಗದ ಪೆನ್ಸಿಲ್ ಸಾಕು. ಲಂಡನ್ ಇರುವುದು 51.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಪ್ಯಾರಿಸ್ 48.86ರಲ್ಲಿ. ವ್ಯತ್ಯಾಸ 2.64 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ. ಅಲ್ಲಿಗೆ ತೆಂಕಣಕ್ಕೆ 293 ಕಿ.ಮೀ. ಆಯಿತು. ರೇಖಾಂಶದಲ್ಲಿ ಎರಡು ಊರುಗಳ ವ್ಯತ್ಯಾಸ 2.48 ಡಿಗ್ರಿ. ಇಲ್ಲಿ ಸುಮ್ನೆ 111ರಿಂದ ಗುಣಿಸುವ ಹಾಗಿಲ್ಲ. ರೇಖಾಂಶದ ಗೆರೆಗಳು ಉತ್ತರಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ, ಧ್ರುವದಲ್ಲಿ ಸೇರಿಯೇ ಬಿಡುತ್ತವೆ. ಲಂಡನ್–ಪ್ಯಾರಿಸ್ ಇರುವ ಮಟ್ಟದಲ್ಲಿ ಒಂದು ಡಿಗ್ರಿ ರೇಖಾಂಶ ಬರೀ 71 ಕಿ.ಮೀ. ಹಾಗಾಗಿ ಮೂಡಣಕ್ಕೆ 176 ಕಿ.ಮೀ. ಇನ್ನು ಶಾಲೆಯಲ್ಲಿ ಕಲಿತ ಪೈಥಾಗೊರಸ್ ಸೂತ್ರ ಹಾಕಿ. 342 ಬರುತ್ತದೆ. ದಶಮಾಂಶಗಳನ್ನು ಸ್ವಲ್ಪ ನಿಖರವಾಗಿ ಹಿಡಿದರೆ 343, 344.

ಇಷ್ಟು ಚಿಕ್ಕ ದೂರಕ್ಕೆ ಭೂಮಿ ಚಪ್ಪಟೆ ಅಂದುಕೊಂಡರೂ ನಡೆಯುತ್ತದೆ. ದೂರ ಹೆಚ್ಚಾದರೆ ನಡೆಯುವುದಿಲ್ಲ. ಪೋರ್ಚುಗಲ್‌ನ ಲಿಸ್ಬನ್‌ನಿಂದ ಫಿನ್‌ಲ್ಯಾಂಡ್‌ನ ಹೆಲ್ಸಿಂಕಿಗೆ ಇದೇ ಲೆಕ್ಕ ಹಾಕಿದರೆ 3,430 ಚಿಲ್ಲರೆ ಬರುತ್ತದೆ. ಗೋಲದ ಮೇಲೆ ಸರಿಯಾಗಿ ಅಳೆದರೆ ಸುಮಾರು 3,360. ಎಪ್ಪತ್ತು ಕಿ.ಮೀ. ವ್ಯತ್ಯಾಸ! ಗೋಲದ ಮೇಲಿನ ಈ ಅತಿ ಹತ್ತಿರದ ದಾರಿಗೆ ಗ್ರೇಟ್ ಸರ್ಕಲ್ ಎನ್ನುತ್ತಾರೆ. ಗ್ಲೋಬ್ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆದರೆ ಅದು ಎಲ್ಲಿ ಹಾದುಹೋಗುತ್ತದೋ ಅದೇ. ಗೋಡೆಗೆ ನೇತುಹಾಕುವ ಮರ್ಕೇಟರ್ ನಕ್ಷೆಯಲ್ಲಿ ಲಿಸ್ಬನ್‌ನಿಂದ ಹೆಲ್ಸಿಂಕಿಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ನಡುಬಿಂದು ಜರ್ಮನಿಯ ಕೊಲೋನ್‌ನಿಂದ ಪೂರ್ವಕ್ಕೆ ಬೀಳುತ್ತದೆ. ನಿಜವಾದ ನಡುಬಿಂದು ಇರುವುದು ಬೆಲ್ಜಿಯಂನ ಬ್ರಸೆಲ್ಸ್ ಹತ್ತಿರ. ವಿಮಾನದ ಸೀಟಿನ ಪರದೆಯಲ್ಲಿ ದಾರಿ ಬಿಲ್ಲಿನಂತೆ ಬಾಗಿ ಕಂಡರೆ ಪೈಲಟ್ ಸುತ್ತಿ ಬಳಸಿ ಹೋಗುತ್ತಿದ್ದಾನೆ ಎಂದಲ್ಲ. ಬಾಗಿರುವುದು ನಕ್ಷೆ.

ಆದರೆ 344 ಅನ್ನುವುದು ಊರಿನ ನಟ್ಟನಡುವಿನಿಂದ ಇನ್ನೊಂದು ಊರಿನ ನಟ್ಟನಡುವಿಗೆ. ವಿಮಾನ ಅಲ್ಲಿಂದ ಏಳುವುದೂ ಇಲ್ಲ, ಅಲ್ಲಿ ಇಳಿಯುವುದೂ ಇಲ್ಲ. ಹೀಥ್ರೂ ಇರುವುದು ಲಂಡನ್‌ನ ಪಶ್ಚಿಮ ಅಂಚಿನಲ್ಲಿ, ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ಊರಿಂದ ಸುಮಾರು 25 ಕಿ.ಮೀ. ಈಶಾನ್ಯಕ್ಕೆ. ಇವೆರಡೂ ಪರವಾಗಿಲ್ಲ. ಅಗ್ಗದ ಟಿಕೆಟ್‌ನಲ್ಲಿ ಪ್ಯಾರಿಸ್ ಬೋವೆ ಎಂದು ಬರೆದಿರುತ್ತಾರೆ, ಅದು ಪ್ಯಾರಿಸ್‌ನಿಂದ 80 ಕಿ.ಮೀ. ದಾಟುತ್ತದೆ. ಫ್ರಾಂಕ್‌ಫರ್ಟ್ ಹಾನ್ ಎಂಬ ನಿಲ್ದಾಣ ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. ದೂರ. ಊರಿನ ಹೆಸರು ಇಟ್ಟುಕೊಳ್ಳಲು ಯಾರ ಅಪ್ಪಣೆ ಬೇಕೋ ಗೊತ್ತಿಲ್ಲ! ಟಿಕೆಟ್ ಕೊಳ್ಳುವಾಗ ಬೆಲೆಯ ಪಕ್ಕದಲ್ಲೇ ಇರುವ ಮೂರಕ್ಷರದ ನಿಲ್ದಾಣದ ಕೋಡ್ ನೋಡಿಕೊಂಡರೆ ಒಳ್ಳೆಯದು.

ಸರಿ, ದೂರ ಗೊತ್ತಾಯಿತು. ವಿಮಾನ ಆ ಗೆರೆಯ ಮೇಲೇ ಹೋಗುತ್ತದಾ? ಇಲ್ಲ. ಯಾಕೆ ಎನ್ನುವುದಕ್ಕೆ ಇದೇ ಲಂಡನ್–ಪ್ಯಾರಿಸ್ ದಾರಿಯಲ್ಲಿ ಒಂದು ಹಳೆಯ ಕಥೆ ಇದೆ.

1919ರ ಆಗಸ್ಟ್ 25ರಂದು ಈಗಿನ ಹೀಥ್ರೂ ಪಕ್ಕದಲ್ಲೇ ಇದ್ದ ಹೌನ್ಸ್ಲೋ ಹೀತ್ ಮೈದಾನದಿಂದ ಜೆಫ್ರಿ ಡಿ ಹ್ಯಾವಿಲೆಂಡ್ ವಿನ್ಯಾಸ ಮಾಡಿದ, ಏರ್‌ಕೋ ಕಂಪನಿಯ ಒಂದು ಪುಟ್ಟ ವಿಮಾನ ಹೊರಟಿತು. ಒಳಗಿದ್ದ ಪ್ರಯಾಣಿಕ ಒಬ್ಬನೇ. ಜೊತೆಗೆ ಚರ್ಮ, ಬೇಟೆಯಾಡಿದ ಹಕ್ಕಿಗಳು, ಡೆವನ್‌ಶೈರ್‌ನ ಕೆನೆಯ ಜಾಡಿಗಳು. ಸುಮಾರು ಎರಡೂವರೆ ಗಂಟೆ ಹಾರಿ ಪ್ಯಾರಿಸ್‌ನ ಲ ಬೂರ್ಜೆಯಲ್ಲಿ ಇಳಿಯಿತು. ಜಗತ್ತಿನ ಮೊದಲ ದೈನಂದಿನ ಅಂತರರಾಷ್ಟ್ರೀಯ ವಿಮಾನ ಸೇವೆ ಎಂದು ಇದನ್ನೇ ಗುರುತಿಸುತ್ತಾರೆ. ಆಗ ರೇಡಾರ್ ಇರಲಿಲ್ಲ. ಪೈಲಟ್‌ಗಳು ಕೆಳಗೆ ಕಾಣುವ ರಸ್ತೆ, ರೈಲು ಹಳಿ ನೋಡಿಕೊಂಡೇ ಹೋಗುತ್ತಿದ್ದರು. 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸಿನ ಪಿಕಾರ್ಡಿಯಲ್ಲಿ ಮಂಜು ಕವಿದಿತ್ತು. ಲಂಡನ್‌ನ ಕ್ರಾಯ್ಡನ್‌ನಿಂದ ಬರುತ್ತಿದ್ದ ಒಂದು ವಿಮಾನ, ಪ್ಯಾರಿಸ್‌ನಿಂದ ಹೊರಟ ಇನ್ನೊಂದು. ಇಬ್ಬರೂ ತೀರಾ ಕೆಳಗೆ, ಒಂದೇ ರಸ್ತೆಯನ್ನು ಹಿಡಿದು ಎದುರಾಎದುರು ಬಂದರು. ಏಳೂ ಜನ ಸತ್ತರು. ಎರಡು ಪ್ರಯಾಣಿಕ ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದ ಮೊದಲ ಘಟನೆ ಇದು. ಆಮೇಲೆ ವಿಮಾನ ಕಂಪನಿಗಳು ಕ್ರಾಯ್ಡನ್‌ನಲ್ಲಿ ಕೂತು ಮಾತಾಡಿದವು. ದಾರಿಯಲ್ಲಿ ಬಲಕ್ಕೆ ಹೋಗಬೇಕು ಎಂಬಂಥ ನಿಯಮಗಳು ಬಂದವು. ಆಕಾಶದಲ್ಲಿ ದಾರಿಗಳು ಹುಟ್ಟಿದ್ದು ಹೀಗೆ.

ಇವತ್ತು ಆ ದಾರಿಗಳು ಬರೀ ಅಕ್ಷಾಂಶ ರೇಖಾಂಶದ ಬಿಂದುಗಳು. ಪ್ರತಿ ನಿಲ್ದಾಣಕ್ಕೂ ಏಳುವ ದಾರಿ ಬೇರೆ, ಇಳಿಯುವ ದಾರಿ ಬೇರೆ. ಬರುವವರು ಹೋಗುವವರಿಗೆ ಅಡ್ಡ ಬರಬಾರದು, ಸೇನೆಯ ಅಭ್ಯಾಸದ ಜಾಗ ಬಿಡಬೇಕು, ಲಂಡನ್‌ನ ಇನ್ನೊಂದು ನಿಲ್ದಾಣ ಗ್ಯಾಟ್ವಿಕ್‌ನ ವಿಮಾನಗಳಿಂದ ದೂರ ಇರಬೇಕು. ಎಲ್ಲ ಸೇರಿದಾಗ 344 ಉಳಿಯುವುದಿಲ್ಲ, ಬೆಳೆಯುತ್ತದೆ.

ಈಗ ಪ್ಯಾರಿಸ್‌ನಿಂದ ಹೀಥ್ರೂಗೆ ಬರುವ ಒಂದು ಸಾಧಾರಣ ಹಾರಾಟವನ್ನು ಹತ್ತಿರದಿಂದ ನೋಡೋಣ.

ಟಿಕೆಟ್ ಮೇಲಿನ ಹೊರಡುವ ಹೊತ್ತು ವಿಮಾನ ನೆಲ ಬಿಡುವ ಹೊತ್ತಲ್ಲ. ಗೇಟ್‌ನಿಂದ ಹಿಂದಕ್ಕೆ ಸರಿಯುವ ಹೊತ್ತು. ತಲುಪುವ ಹೊತ್ತು ಅಂದರೆ ಆ ಕಡೆಯ ಗೇಟ್‌ನಲ್ಲಿ ಬಂದು ನಿಲ್ಲುವುದು. ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಚಾರ್ಲ್ಸ್ ಡಿ ಗಾಲ್‌ನಲ್ಲಿ ನಾಲ್ಕು ರನ್‌ವೇಗಳಿವೆ, ಜಾಗ ವಿಶಾಲ. ಗೇಟ್‌ನಿಂದ ರನ್‌ವೇಗೆ ಉರುಳಿಕೊಂಡು ಹೋಗುವುದರಲ್ಲೇ ಹದಿನೈದು ನಿಮಿಷ ಕಳೆಯುವುದು ಮಾಮೂಲು. ಮುಂದೆ ಸಾಲು ಇದ್ದರೆ ಇನ್ನೂ ಜಾಸ್ತಿ.

ಎದ್ದ ಮೇಲೂ ಓಟ ಶುರುವಾಗುವುದಿಲ್ಲ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್‌ಗಿಂತ ವೇಗವಾಗಿ ಹೋಗುವಂತಿಲ್ಲ. ಅಂದರೆ ಗಂಟೆಗೆ 463 ಕಿ.ಮೀ. ಆಮೇಲೂ ಏರುತ್ತಲೇ ವೇಗ ಹಿಡಿಯಬೇಕು. ದೂರದ ಪ್ರಯಾಣದಲ್ಲಿ 35,000 ಅಡಿ ದಾಟುವ ವಿಮಾನ ಇಲ್ಲಿ ಅಷ್ಟು ಮೇಲೆ ಹೋಗುವುದೇ ಇಲ್ಲ. 25,000 ಅಡಿ ಅಂತ ಇಟ್ಟುಕೊಳ್ಳಿ. ಅಲ್ಲಿಗೆ ಏರುವಷ್ಟರಲ್ಲಿ ಹತ್ತಿರ ಹತ್ತಿರ 110 ಕಿ.ಮೀ. ಮುಗಿದಿರುತ್ತದೆ. ಇಳಿಯಲು ಪೈಲಟ್‌ಗಳದ್ದು ಒಂದು ಬಾಯಿಲೆಕ್ಕ: ಪ್ರತಿ 1,000 ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ. 25,000 ಅಡಿಗೆ 75 ನಾಟಿಕಲ್ ಮೈಲಿ, ಅಂದರೆ 139 ಕಿ.ಮೀ. ಏರಲು 110, ಇಳಿಯಲು 139. ಪೂರ್ತಿ ವೇಗದಲ್ಲಿ ಓಡಲು ನೂರು ಕಿ.ಮೀ.ಯೂ ಉಳಿಯಲಿಲ್ಲ. ಏಳು ನಿಮಿಷ ಅಷ್ಟೆ. ನಾವು ಆರಂಭದಲ್ಲಿ ಹಿಡಿದ 840ರ ವೇಗ ನಿಜವಾಗುವುದು ಆ ಏಳು ನಿಮಿಷಕ್ಕೆ ಮಾತ್ರ. ಗಗನಸಖಿಯರು ಟೀ ಕೊಟ್ಟು ಕಪ್ ವಾಪಸ್ ತೆಗೆದುಕೊಳ್ಳಲು ಅಷ್ಟೊಂದು ಅವಸರ ಪಡುವುದು ಇದಕ್ಕೇ.

ಇನ್ನು ಹೀಥ್ರೂ. ಅಲ್ಲಿ ಇರುವುದು ಎರಡೇ ರನ್‌ವೇ. ಸಾಮಾನ್ಯವಾಗಿ ಒಂದು ಏಳಲು, ಒಂದು ಇಳಿಯಲು. ಜನದಟ್ಟಣೆಯ ಹೊತ್ತಿನಲ್ಲಿ ಒಂದೂವರೆ ನಿಮಿಷಕ್ಕೊಂದು ವಿಮಾನ ಇಳಿಯುತ್ತಿರುತ್ತದೆ. ಈ ಸಾಲು ಒಂದು ಕ್ಷಣವೂ ಖಾಲಿ ಬೀಳಬಾರದು ಅಂತ ಒಂದಿಷ್ಟು ವಿಮಾನಗಳನ್ನು ಬೇಕೆಂದೇ ಕಾಯಿಸಿಟ್ಟಿರುತ್ತಾರೆ. ಅದಕ್ಕಾಗಿ ನಾಲ್ಕು ಜಾಗ: ಬೋವಿಂಗ್‌ಡನ್, ಲ್ಯಾಂಬೋರ್ನ್, ಒಕಮ್, ಬಿಗಿನ್. ಪ್ಯಾರಿಸ್ ಕಡೆಯಿಂದ ಬಂದವರು ಸಾಧಾರಣವಾಗಿ ಆಗ್ನೇಯದ ಬಿಗಿನ್‌ಗೆ. ಅಲ್ಲಿ ಒಂದರ ಮೇಲೊಂದು ಸಾವಿರ ಅಡಿ ಅಂತರದಲ್ಲಿ ವಿಮಾನಗಳು ಉದ್ದನೆಯ ಸುತ್ತು ಹಾಕುತ್ತಿರುತ್ತವೆ. ತಿರುಗಲು ಒಂದು ನಿಮಿಷ, ನೇರ ಒಂದು ನಿಮಿಷ, ಮತ್ತೆ ತಿರುಗಲು ಒಂದು, ಮತ್ತೆ ನೇರ ಒಂದು. ಒಂದು ಸುತ್ತಿಗೆ ನಾಲ್ಕು ನಿಮಿಷ. ತೀರಾ ಕೆಳಗಿನದನ್ನು ಇಳಿಯಲು ಕರೆದಾಗ ಉಳಿದವು ಒಂದೊಂದೇ ಮೆಟ್ಟಿಲು ಇಳಿಯುತ್ತವೆ. ಎರಡು ಸುತ್ತು ಹಾಕಿದರೆ ಎಂಟು ನಿಮಿಷ ಹೋಯಿತು. ಪೂರ್ತಿ ವೇಗದಲ್ಲಿ ಓಡಿದ್ದಕ್ಕಿಂತ ಕಾದಿದ್ದೇ ಹೆಚ್ಚು, ಅಲ್ವಾ?

ಗಾಳಿಯೂ ಒಂದು ಮಾತು ಹೇಳುತ್ತದೆ. ವಿಮಾನಗಳು ಗಾಳಿಗೆ ಎದುರಾಗಿ ಇಳಿಯಬೇಕು, ಇಂಗ್ಲೆಂಡಿನಲ್ಲಿ ವರ್ಷದ ಹೆಚ್ಚಿನ ದಿನ ಪಡುವಣ ಗಾಳಿ. ಹಾಗಾಗಿ ಆಗ್ನೇಯದಿಂದ ಬಂದ ವಿಮಾನ ಸೀದಾ ಹೀಥ್ರೂಗೆ ಹೋಗದೆ ಲಂಡನ್ ಮೇಲೆ ಬಂದು, ಪಶ್ಚಿಮಕ್ಕೆ ಮುಖ ಮಾಡಿ, ಊರನ್ನು ದಾಟಿ ಇಳಿಯುತ್ತದೆ. ಇದರಿಂದ ನಷ್ಟ ಕೆಲವು ನಿಮಿಷ. ಲಾಭ ಏನೆಂದರೆ, ಬಲಗಡೆ ಕಿಟಕಿಯಲ್ಲಿ ಕೂತವರಿಗೆ ಥೇಮ್ಸ್ ನದಿ, ಟವರ್ ಬ್ರಿಡ್ಜ್, ಸಂಸತ್ ಭವನ ಎಲ್ಲ ಬಿಟ್ಟಿಯಾಗಿ ಕಾಣುತ್ತವೆ.

ಇಷ್ಟೆಲ್ಲ ಸೇರಿದರೂ ಎಷ್ಟೋ ದಿನ ವಿಮಾನ ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಡುತ್ತದೆ. ಕಂಪನಿಗಳು ಟೈಮ್‌ಟೇಬಲ್‌ಗೆ ಮೊದಲೇ ಒಂದಿಷ್ಟು ನಿಮಿಷ ತುರುಕಿಟ್ಟಿರುತ್ತವೆ. ಹೇಳಿದ ಹೊತ್ತಿನಿಂದ 15 ನಿಮಿಷದೊಳಗೆ ಬಂದರೆ ಸಮಯಕ್ಕೆ ಸರಿಯಾಗಿ ಬಂದಂತೆ ಎಂಬುದು ಈ ಉದ್ಯಮದ ಲೆಕ್ಕ. ಇದು ಮೋಸ ಎಂದು ನನಗನಿಸುವುದಿಲ್ಲ. ಕನೆಕ್ಟಿಂಗ್ ಫ್ಲೈಟ್ ಹಿಡಿಯಬೇಕಾದವರಿಗೆ ಆ ತುರುಕಿದ ನಿಮಿಷಗಳೇ ಆಧಾರ. ಆದರೆ ‘ಸಮಯಕ್ಕಿಂತ ಹತ್ತು ನಿಮಿಷ ಮುಂಚೆ ತಲುಪಿದ್ದೇವೆ’ ಎಂದು ಘೋಷಿಸಿದಾಗ ಚಪ್ಪಾಳೆ ತಟ್ಟುವ ಅಗತ್ಯವೇನೂ ಇಲ್ಲ.

ಇನ್ನೊಂದು ಬಗೆಯ ಕಾಯುವಿಕೆ ನೆಲದ ಮೇಲೇ ಆಗುತ್ತದೆ. ಯುರೋಪಿನ ಆಕಾಶದ ಸಂಚಾರವನ್ನು ಒಟ್ಟಾಗಿ ನೋಡಿಕೊಳ್ಳುವ ಯೂರೋಕಂಟ್ರೋಲ್ ಸಂಸ್ಥೆ ಬ್ರಸೆಲ್ಸ್‌ನಲ್ಲಿದೆ. ದಾರಿಯಲ್ಲಿ ಎಲ್ಲಾದರೂ ವಿಮಾನಗಳು ಅತಿಯಾದರೆ ಅದು ಹೊರಡುವ ವಿಮಾನಕ್ಕೇ ಒಂದು ಸ್ಲಾಟ್, ಅಂದರೆ ಏಳಲು ಗೊತ್ತುಮಾಡಿದ ಹೊತ್ತು ಕೊಡುತ್ತದೆ. ಆ ಹೊತ್ತಿಗೆ ಐದು ನಿಮಿಷ ಮುಂಚೆಯಿಂದ ಹತ್ತು ನಿಮಿಷ ಆಮೇಲಿನವರೆಗೆ ಏಳಬಹುದು. ಆ ಹದಿನೈದು ನಿಮಿಷ ತಪ್ಪಿದರೆ ಹೊಸ ಸ್ಲಾಟ್‌ಗೆ ಕಾಯಬೇಕು. ಬಾಗಿಲು ಹಾಕಿ, ಎಲ್ಲರೂ ಬೆಲ್ಟ್ ಕಟ್ಟಿ ಕೂತಿದ್ದರೂ ವಿಮಾನ ಅಲ್ಲಾಡದೆ ನಿಂತಿದ್ದರೆ ಹೆಚ್ಚಿನ ಸಲ ಕಾರಣ ಇದೇ. ಮೇಲೆ ಹೋಗಿ ಸುತ್ತುತ್ತಾ ಇಂಧನ ಸುಡುವುದಕ್ಕಿಂತ ಕೆಳಗೇ ಕಾಯುವುದು ಮೇಲು.

ದೂರ ಹೆಚ್ಚಾದಾಗ ಲೆಕ್ಕದ ಸ್ವರೂಪವೇ ಬೇರೆ. ಉರುಳುವ, ಏರುವ, ಇಳಿಯುವ ಹೊತ್ತು ಅಷ್ಟೇ ಇರುತ್ತದೆ, ನಡುವಿನ ಓಟ ಉದ್ದವಾಗುತ್ತದೆ. ಆಗ ಗಾಳಿಯ ಆಟ ನಡೆಯುತ್ತದೆ. ಯುರೋಪಿನ ಮೇಲೆ ಮೇಲ್ಮಟ್ಟದ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಲಿಸ್ಬನ್‌ನಿಂದ ಹೆಲ್ಸಿಂಕಿಗೆ ಹೋಗುವಾಗ ಗಂಟೆಗೆ 50 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿದರೆ 840 ಹೋಗಿ 890 ಆಗುತ್ತದೆ. 3,360 ಕಿ.ಮೀ.ಗೆ 3 ಗಂಟೆ 47 ನಿಮಿಷ. ವಾಪಸ್ ಬರುವಾಗ ಅದೇ ಗಾಳಿ ಎದುರು, 790. ಆಗ 4 ಗಂಟೆ 15 ನಿಮಿಷ. ಒಂದೇ ದಾರಿ, ಒಂದೇ ವಿಮಾನ, ಅರ್ಧ ಗಂಟೆ ವ್ಯತ್ಯಾಸ. ಚಳಿಗಾಲದಲ್ಲಿ ಜೆಟ್ ಸ್ಟ್ರೀಮ್ ಎಂಬ ಮೇಲ್ಮಟ್ಟದ ಬಿರುಗಾಳಿ ಜೋರಾದಾಗ ಇನ್ನೂ ಹೆಚ್ಚು. ಲಂಡನ್–ಪ್ಯಾರಿಸ್‌ನಲ್ಲಿ ಇದೇ ಗಾಳಿ ಎರಡು ಮೂರು ನಿಮಿಷದ ಆಟ ಆಡಿ ಸುಮ್ಮನಾಗುತ್ತದೆ.

ರಾಜಕೀಯವೂ ದೂರವನ್ನು ಹಿಗ್ಗಿಸುತ್ತದೆ. ಹೆಲ್ಸಿಂಕಿಯಿಂದ ಇಸ್ತಾಂಬುಲ್‌ಗೆ ನೇರ ಗೆರೆ ಎಳೆದರೆ ಸುಮಾರು 2,130 ಕಿ.ಮೀ. ಆ ಗೆರೆ ಬೆಲಾರುಸ್ ಮತ್ತು ಪಶ್ಚಿಮ ಉಕ್ರೇನ್ ಮೇಲೆ ಹಾದುಹೋಗುತ್ತದೆ. 2022ರ ಫೆಬ್ರವರಿ 24ರಿಂದ ಉಕ್ರೇನ್ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಬೆಲಾರುಸ್ ಮೇಲೆ ಯುರೋಪಿನ ಕಂಪನಿಗಳು 2021ರಿಂದಲೇ ಹೋಗುತ್ತಿಲ್ಲ. ಹಾಗಾಗಿ ಪೋಲೆಂಡ್ ಕಡೆಗೆ ಬಳಸಿ ದಕ್ಷಿಣಕ್ಕೆ ಹೋಗಬೇಕು. ಅಂತರ್ಜಾಲದ ದೂರದ ಕ್ಯಾಲ್ಕ್ಯುಲೇಟರ್‌ಗಳಿಗೆ ಯುದ್ಧ ಗೊತ್ತಿಲ್ಲ. ಅವು ಈಗಲೂ ಅದೇ 2,130 ತೋರಿಸುತ್ತವೆ.

ಯಾವುದೇ ಎರಡು ಊರಿಗೆ ಅಂದಾಜು ಬೇಕಿದ್ದರೆ ಹೀಗೆ ಮಾಡಿ: ದೂರವನ್ನು 800ರಿಂದ ಭಾಗಿಸಿ, ಬಂದ ಹೊತ್ತಿಗೆ ಅರ್ಧ ಗಂಟೆ ಸೇರಿಸಿ. ಹೀಥ್ರೂನಂಥ ಗಿಜಿಗಿಜಿ ನಿಲ್ದಾಣ ಇದ್ದರೆ ಇನ್ನೂ ಕಾಲು ಗಂಟೆ. ಲಂಡನ್–ಪ್ಯಾರಿಸ್‌ಗೆ 26 ನಿಮಿಷ, ಅರ್ಧ ಗಂಟೆ, ಕಾಲು ಗಂಟೆ: 71 ನಿಮಿಷ. ಟಿಕೆಟ್‌ನ ಒಂದೂಕಾಲು ಗಂಟೆಗೆ ತೀರಾ ಹತ್ತಿರ.

ಆದರೆ ಈ ದಾರಿಯಲ್ಲಿ ವಿಮಾನವೇ ಯಾಕೆ ಎಂಬ ಪ್ರಶ್ನೆ ಇದ್ದೇ ಇದೆ. ಯೂರೋಸ್ಟಾರ್ ರೈಲಿಗೆ ದಾರಿ 492 ಕಿ.ಮೀ., ನೇರ ದೂರಕ್ಕಿಂತ ಸುಮಾರು 150 ಜಾಸ್ತಿ. ಗಂಟೆಗೆ 300 ಕಿ.ಮೀ. ವರೆಗೆ ಓಡುತ್ತದೆ. ಸಮುದ್ರದಡಿಯ 50 ಕಿ.ಮೀ. ಸುರಂಗದಲ್ಲಿ ಮಾತ್ರ 160. ಆದರೂ ಲಂಡನ್‌ನ ಸೇಂಟ್ ಪ್ಯಾಂಕ್ರಾಸ್‌ನಿಂದ ಪ್ಯಾರಿಸ್‌ನ ಗಾರ್ ದು ನೋರ್‌ಗೆ ಎರಡೂಕಾಲು ಗಂಟೆ ಸಾಕು. ಊರ ನಡುವಿನಿಂದ ಊರ ನಡುವಿಗೆ. ವಿಮಾನಕ್ಕಾದರೆ ಹೀಥ್ರೂಗೆ ಹೋಗಲು ಮುಕ್ಕಾಲು ಗಂಟೆ, ಎರಡು ಗಂಟೆ ಮುಂಚೆ ಅಲ್ಲಿರಬೇಕು, ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಆಮೇಲೆ ಊರೊಳಗೆ ಹೋಗಲು ಆರ್‌ಇಆರ್ ರೈಲು. ಐದು ಗಂಟೆ ನೀರಿನಂತೆ ಹೋಗುತ್ತದೆ. ರೈಲಿಗೂ ಒಂದು ಗಂಟೆಗಿಂತ ಮುಂಚೆ ಹೋಗಬೇಕು ನಿಜ. ಆದರೆ ಫ್ರೆಂಚ್ ಪೊಲೀಸರು ಲಂಡನ್ ಸ್ಟೇಷನ್‌ನಲ್ಲೇ ಪಾಸ್‌ಪೋರ್ಟ್ ನೋಡಿಬಿಡುತ್ತಾರೆ. ಪ್ಯಾರಿಸ್‌ನಲ್ಲಿ ಇಳಿದು ನಡೆದುಬಿಡುವುದೇ. ನಮ್ಮವರು ನೆನಪಿಡಬೇಕಾದ್ದು: ಬ್ರಿಟನ್ ವೀಸಾ ಇದ್ದರೆ ಪ್ಯಾರಿಸ್‌ಗೆ ಸಾಲದು, ಷೆಂಗೆನ್ ವೀಸಾ ಬೇರೆಯೇ ಬೇಕು. ವಿಮಾನ ಲಾಭ ಅನಿಸುವುದು ಬೆಂಗಳೂರಿನಿಂದ ಹೀಥ್ರೂಗೆ ಬಂದು ಅಲ್ಲಿಂದಲೇ ಮುಂದೆ ಹೋಗುವವರಿಗೆ.

ಫ್ರಾನ್ಸ್ ಅಂತೂ ಈ ಹೋಲಿಕೆಯನ್ನು ಕಾನೂನಿಗೇ ತಂದಿದೆ. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಕಡೆ ದೇಶದೊಳಗಿನ ವಿಮಾನ ಬೇಡ ಎಂಬ ನಿಯಮ 2023ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಪ್ಯಾರಿಸ್‌ನ ಓರ್ಲಿಯಿಂದ ಬೋರ್ಡೋ, ನಾಂಟ್, ಲಿಯೋನ್‌ಗೆ ಹೋಗುವ ಮೂರು ದಾರಿಗಳಿಗೆ ಮಾತ್ರ ಅನ್ವಯಿಸಿತು. ಲಂಡನ್ ಬೇರೆ ದೇಶ, ಅದಕ್ಕೆ ಇದು ಅನ್ವಯಿಸುವುದಿಲ್ಲ.

ದೂರ ಮತ್ತು ಹೊತ್ತಿನ ಈ ತಕರಾರು ಕೋರ್ಟ್‌ವರೆಗೂ ಹೋಗಿದೆ. ಯುರೋಪಿಯನ್ ಒಕ್ಕೂಟದ 261/2004ನೇ ನಿಯಮದ ಪ್ರಕಾರ ವಿಮಾನ ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದರೆ, ತಪ್ಪು ಕಂಪನಿಯದ್ದಾಗಿದ್ದರೆ, ಪ್ರಯಾಣಿಕರಿಗೆ ಪರಿಹಾರ ಸಿಗುತ್ತದೆ. 1,500 ಕಿ.ಮೀ. ವರೆಗೆ 250 ಯೂರೋ, ಒಕ್ಕೂಟದೊಳಗೆ ಅದಕ್ಕಿಂತ ದೂರಕ್ಕೆ 400. ಯಾವ ದೂರ? ಗ್ರೇಟ್ ಸರ್ಕಲ್ ದೂರ ಎಂದು ನಿಯಮದಲ್ಲೇ ಬರೆದಿದೆ. ರೋಮ್‌ನಿಂದ ಬ್ರಸೆಲ್ಸ್‌ನಲ್ಲಿ ವಿಮಾನ ಬದಲಿಸಿ ಹ್ಯಾಂಬರ್ಗ್‌ಗೆ ಹೋದ ಪ್ರಯಾಣಿಕರು ಹಾರಿದ್ದು 1,500 ಕಿ.ಮೀ.ಗಿಂತ ಜಾಸ್ತಿ. ರೋಮ್–ಹ್ಯಾಂಬರ್ಗ್ ನೇರ ದೂರ ಅದಕ್ಕಿಂತ ಕಮ್ಮಿ. 2017ರಲ್ಲಿ ಯುರೋಪಿನ ನ್ಯಾಯಾಲಯ ನೇರ ದೂರವನ್ನೇ ಹಿಡಿಯಿತು. 400 ಅಲ್ಲ, 250.

ಇನ್ನೊಂದು ಪ್ರಕರಣ ಇನ್ನೂ ಸೊಗಸಾಗಿದೆ. ಜರ್ಮನ್‌ವಿಂಗ್ಸ್ ವಿಮಾನವೊಂದು ಸಾಲ್ಜ್‌ಬರ್ಗ್‌ನಿಂದ ಕೊಲೋನ್‌ಗೆ ತಡವಾಗಿ ಬಂತು. ಚಕ್ರ ನೆಲ ಮುಟ್ಟಿದಾಗ 2 ಗಂಟೆ 58 ನಿಮಿಷ ತಡ. ಗೇಟ್‌ಗೆ ಬಂದು ನಿಂತಾಗ 3 ಗಂಟೆ 3 ನಿಮಿಷ. ಐದೇ ನಿಮಿಷ, ಆದರೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ 250 ಯೂರೋ. ವಿಮಾನ ‘ತಲುಪುವುದು’ ಅಂದರೆ ಯಾವಾಗ? 2014ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು: ಕಡೇಪಕ್ಷ ಒಂದು ಬಾಗಿಲು ತೆರೆದು, ಜನ ಇಳಿಯಬಹುದು ಎಂದಾದಾಗ. ಅಲ್ಲಿಯವರೆಗೆ ಪ್ರಯಾಣಿಕ ಹೊರಗಿನ ಜಗತ್ತಿನಲ್ಲಿ ತನ್ನ ಕೆಲಸ ಮಾಡಿಕೊಳ್ಳಲಾಗದೆ ಒಳಗೆ ಸಿಕ್ಕಿಬಿದ್ದಿರುತ್ತಾನೆ, ಅದಕ್ಕೆ.

ಈ ನಿಯಮಕ್ಕೆ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು ಮುಖ್ಯವಲ್ಲ. ಪ್ಯಾರಿಸ್‌ನಿಂದಲೋ ಫ್ರಾಂಕ್‌ಫರ್ಟ್‌ನಿಂದಲೋ ಬೆಂಗಳೂರಿಗೆ ಹೊರಟ ನಿಮಗೂ ಅನ್ವಯಿಸುತ್ತದೆ, ಕಂಪನಿ ಭಾರತದ್ದಾದರೂ ಸರಿ. ಬೆಂಗಳೂರಿನಿಂದ ಆ ಕಡೆ ಹೋಗುವಾಗ ಮಾತ್ರ ಕಂಪನಿ ಯುರೋಪಿನದ್ದಾಗಿರಬೇಕು. ತಡವಾದ ವಿಮಾನದಲ್ಲಿ ಸಿಕ್ಕಿಕೊಂಡರೆ ಬೋರ್ಡಿಂಗ್ ಪಾಸ್ ಎಸೆಯಬೇಡಿ, ಬಾಗಿಲು ತೆರೆದ ಹೊತ್ತನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.